ಪುಣೆದಾಗ ಪಾಲಕಿ ನಿಂತ ದಿನ

ಎಲ್ಲಾರಿಗೂ ನಮಸ್ಕಾರ್ರಿ. ವಾಚನಾಲಯದಾಗ ನಾನು ಮಾತಾಡಿದ್ದನ್ನ ಬರದು ಹಾಕ್ರಿ ಅಂತ ಭಾಳ ಮಂದಿ ಕೇಳಿದ್ರಿ, ಹಂಗಾಗಿ ಹೆಂಗ ಮಾತಾಡಿದ್ನೋ ಹಂಗ ಬರದೀನಿ, ಅವತ್ತ ಟೈಮ್ ಸಾಲದ ಬಿಟ್ಟಿದ್ದು ಒಂದೆರಡು ಸೇರಸೀನಿ. ವಿಷಯ ಪಂಢರಪುರದ ವಾರಿ, ಅಂದ್ರ ಸಂತರ ಪಾದುಕಾ ಪಾಲಕಿದಾಗ ಇಟಗೊಂಡು ಪಂಢರಪುರದ ವಿಠ್ಠಲನ ಕಡೆ ನಡಕೋತ ಹೋಗೂ ಯಾತ್ರೆ, ಅದನ್ನ ನಡಿಯೋರು ವಾರಕರಿಗಳು. ಇಡೀ ವಾರಿ ಹೇಳಾಕ ಹೋದ್ರ ರಾತ್ರಿ ಆಗ್ತೈತಿ, ಅದಕ್ಕ ಅದರಾಗಿನ ಒಂದ ದಿನ ಹಿಡ್ಕೊಂಡೀನಿ, ಪುಣೆದಾಗ ಪಾಲಕಿ ನಿಲ್ಲೂ ದಿನ, ಅಂದ್ರ ಯಾರೂ ನಡೀಲಾರದ ದಿನ.

ವಾರಿ ಬಗ್ಗೆ ಮಾತಾಡೋರು ದಿವೆ ಘಾಟಿನ ಏರು ಹೇಳ್ತಾರ, ಕುದುರಿ ಓಡೂ ರಿಂಗಣ ಹೇಳ್ತಾರ, ಪಂಢರಪುರದ ಚಂದ್ರಭಾಗಾ ಹೊಳ್ಯಾಗಿನ ಸ್ನಾನ ಹೇಳ್ತಾರ. ಪುಣೆ ಮುಕ್ಕಾಂ ಬಂತಂದ್ರ "ಪುಣೆದಾಗ ಎರಡ ರಾತ್ರಿ ಇದ್ವಿ" ಅಂತ ಒಂದ ಮಾತಿನ್ಯಾಗ ಮುಗಸ್ತಾರ. ನನಗ ಅದು ಸರಿ ಅನ್ಸಂಗಿಲ್ರಿ. ನಡಿಯೂ ದಿನ ನಾವು ದೇವರಿಗೆ ಏನೋ ಕೊಡಾಕತ್ತೀವಿ ಅಂತ ಮನಸಿನ್ಯಾಗ ಇರ್ತೈತಿ, ಕಾಲು ನೋವು ಕೊಡ್ತೀವಿ, ನಿದ್ದಿ ಕೊಡ್ತೀವಿ, ಬಿಸಲಾಗ ಮಳ್ಯಾಗ ಮೈ ಕೊಡ್ತೀವಿ. ನಿಂತ ದಿನ ನಾವು ತಗೋಬೇಕು. ಯಾರ್ಯಾರದೋ ಕೈಯಿಂದ ತಗೋಬೇಕು, ಹೆಸರು ಕೇಳಲಾರದ, ತಿರುಗಿ ಏನೂ ಕೊಡಾಕ ಆಗಲಾರದ. ಅದು ನಡಿಯೂದಕ್ಕಿಂತ ಕಠಿಣ ಅಂತ ನಾ ಹೇಳ್ತೀನಿ, ಇವತ್ತಿನ ಮಾತೆಲ್ಲಾ ಅದರ ಬಗ್ಗೆನ.

ಗೊತ್ತಿಲ್ಲದವರಿಗೆ ದಾರಿ ಒಂಚೂರು ಹೇಳ್ತೀನಿ. ತುಕಾರಾಮ ಮಹಾರಾಜರ ಪಾಲಕಿ ದೇಹುದಿಂದ ಜ್ಯೇಷ್ಠ ವದ್ಯ (ಅಂದ್ರ ಬಹುಳ) ಸಪ್ತಮಿಗೆ ಹೊಂಡ್ತೈತಿ, ಜ್ಞಾನೇಶ್ವರ ಮಹಾರಾಜರ ಪಾಲಕಿ ಆಳಂದಿಯಿಂದ ಮರುದಿನ ಅಷ್ಟಮಿಗೆ. ತುಕೋಬಾರ ಪಾಲಕಿ ಶುರು ಮಾಡಿದವರು ಅವರ ಮಗ ನಾರಾಯಣ ಮಹಾರಾಜರು, 1685ರಾಗ. ಆವಾಗ ಜ್ಞಾನೋಬಾ ತುಕೋಬಾ ಇಬ್ಬರ ಪಾದುಕಾನೂ ಒಂದ ಪಾಲಕಿದಾಗ ಹೋಗ್ತಿದ್ದವು. ಆಮ್ಯಾಲೆ 19ನೇ ಶತಮಾನದ ಮೊದಲ ಭಾಗದಾಗ ಹೈಬತಬಾಬಾ ಆರಫಳಕರ ಅನ್ನೋರು ಆಳಂದಿ ಪಾಲಕಿ ಬ್ಯಾರೆ ಮಾಡಿ ಈಗಿನ ಶಿಸ್ತಿಗೆ ತಂದರು. ಅವರು ಗ್ವಾಲಿಯರದ ಸಿಂಧ್ಯಾ ದರಬಾರದಾಗ ಇದ್ದವರು, ಅದಕ್ಕ ಈ ಪಾಲಕಿದಾಗ ಫೌಜಿನ ಗುರುತು ಇವತ್ತಿಗೂ ಕಾಣ್ತೈತಿ, ದಿಂಡಿಗೆ, ಅಂದ್ರ ಕೂಡಿ ನಡಿಯೂ ಒಂದೊಂದ ಗುಂಪಿಗೆ, ನಂಬರ್ ಐತಿ, ರಥದ ಮುಂದ ಯಾರು ಹಿಂದ ಯಾರು ಅಂತ ಗೊತ್ತು ಮಾಡಿದ ಜಾಗಾ ಐತಿ, ಶಿಸ್ತು ನೋಡೂ ಚೋಪದಾರ ಬೆಳ್ಳಿ ಕೋಲು ಎತ್ತಿದ ಅಂದ್ರ ಸಾವಿರಾರು ಟಾಳ ಒಂದ ಕ್ಷಣಕ್ಕ ನಿಂತು ಬಿಡ್ತಾವು. ಈ ಎರಡೂ ಪಾಲಕಿ ಪುಣೆಕ್ಕ ಒಂದ ದಿನ ಬರ್ತಾವು. ಫರ್ಗ್ಯುಸನ್ ಕಾಲೇಜ್ ರೋಡ್ ಹಿಡ್ಕೊಂಡು, ಲಕ್ಷ್ಮೀ ರೋಡ್ ದಾಟಿ, ತುಕೋಬಾ ನಾನಾ ಪೇಠದ ನಿವಡುಂಗ್ಯಾ ವಿಠೋಬಾ ಗುಡಿಗೆ, ಮಾವುಲಿ ಭವಾನಿ ಪೇಠದ ಪಾಲಖಿ ವಿಠೋಬಾ ಗುಡಿಗೆ. ಮಾವುಲಿ ಅಂದ್ರ ತಾಯಿ, ಜ್ಞಾನೇಶ್ವರರನ್ನ ಹಂಗ ಕರೀತಾರ. ಎರಡು ರಾತ್ರಿ, ನಡುವ ಒಂದು ಪೂರಾ ದಿನ.

ಇಲ್ಲಿ ಒಂದು ಪ್ರಶ್ನೆ ಏಳ್ತೈತಿ. ಆಳಂದಿಯಿಂದ ಪುಣೆ ಒಂದ ದಿನದ ನಡಿಗಿ. ಪ್ರಸ್ಥಾನ ಆದ ರಾತ್ರಿ ಪಾಲಕಿ ಆಳಂದಿದಾಗನ ಇರ್ತೈತಿ, ಮರುದಿನ ಹೊಂಟು ಸಂಜಿಕ್ಕ ಪುಣೆ. ಮುಂದ ಎರಡ ವಾರಕ್ಕಿಂತ ಜಾಸ್ತಿ ನಡಿಯೂದು ಐತಿ, ಮೊದಲನೇ ದಿನ ಆಗೂದ ತಡಾ ವಿಶ್ರಾಂತಿ ಯಾಕ? ನಾ ದಿಂಡಿದಾಗಿನ ಹಿರ್ಯಾರನ್ನ ಕೇಳಿದಾಗ ಅವರು ನಕ್ಕು, "ನೀ ಆಳಂದಿಗೆ ಗಾಡಿದಾಗ ಬಂದಿ ಬೇ, ಎಲ್ಲಾರೂ ಹಂಗ ಬಂದಿಲ್ಲ" ಅಂದ್ರು. ಖರೇನ ಐತಿ. ಮರಾಠವಾಡಾದಿಂದ, ಸಾತಾರಾ ಕಡಿಯಿಂದ, ನಮ್ಮ ಬೆಳಗಾವಿ ಕಡಿಯಿಂದ ಊರಿಂದನ ನಡಕೋತ ಬಂದವರು ಭಾಳ ಇರ್ತಾರ, ಅವರ ಕಾಲು ಆಗಲೇ ದಣದಿರ್ತಾವು. ಮಾವುಲಿ ಕುದುರಿಗೋಳನ್ನ ತಗೋರಿ. ಅವು ಬರೂದು ನಮ್ಮ ಚಿಕ್ಕೋಡಿ ತಾಲೂಕಿನ ಅಂಕಲಿಯಿಂದ, ಶಿತೋಳೆ ಸರದಾರರ ವಾಡಾದಿಂದ. ಹೈಬತಬಾಬಾರ ಕಾಲದಿಂದ ಆ ಮನಿತನದ ಸೇವಾ ಅದು. ಅಂಕಲಿಯಿಂದ ಆಳಂದಿಗೆ ಸುಮಾರು 300 ಕಿಲೋಮೀಟರ್, ಆ ಕುದುರಿ ಲಾರಿ ಹತ್ತಂಗಿಲ್ಲ, ನಡದ ಹೋಗ್ತಾವು. ಎರಡು ಕುದುರಿ, ಒಂದರ ಮ್ಯಾಲೆ ಪತಾಕಿ ಹಿಡದ ಸವಾರ ಕೂತಿರ್ತಾನ, ಇನ್ನೊಂದರ ಬೆನ್ನ ಖಾಲಿ ಇರ್ತೈತಿ, ಅದರ ಮ್ಯಾಲೆ ಸ್ವತಃ ಮಾವುಲಿ ಕೂತಿರ್ತಾರ ಅಂತ ಎಲ್ಲಾರೂ ನಂಬ್ತಾರ, ನಾನೂ ನಂಬ್ತೀನಿ. ಕರ್ನಾಟಕದ ಒಂದು ಹಳ್ಳಿಯಿಂದ ಹೋದ ಕುದುರಿ ಇಲ್ಲದ ಮಹಾರಾಷ್ಟ್ರದ ಎಲ್ಲಾದಕ್ಕಿಂತ ದೊಡ್ಡ ಯಾತ್ರೆ ಹೊಂಡಂಗಿಲ್ಲ, ಇದು ನಮ್ಮ ಮಕ್ಕಳಿಗೆ ಶಾಲ್ಯಾಗ ಹೇಳಬೇಕಾದ ಮಾತು.

ಇನ್ನೊಂದು ಕಾರಣಾನೂ ಐತಿ. ಪುಣೆ ಬಿಟ್ಟ ದಿನ ಮಾವುಲಿ ಪಾಲಕಿ ಸಾಸವಡಕ್ಕ ಹೋಗಬೇಕು, 30 ಕಿಲೋಮೀಟರಗಿಂತ ಜಾಸ್ತಿ, ನಡುವ ದಿವೆ ಘಾಟ್, ಇಡೀ ದಾರ್ಯಾಗ ಎಲ್ಲಾದಕ್ಕಿಂತ ಉದ್ದನ ದಿನ ಅದು. ಮತ್ತ ಹೆಚ್ಚಿನ ವರ್ಷ ಅವತ್ತ ಯೋಗಿನಿ ಏಕಾದಶಿ ಬರ್ತೈತಿ, ಮಂದಿ ಉಪಾಸ ಇದ್ದು ಘಾಟ್ ಹತ್ತತಾರ. ಅದರ ಹಿಂದಿನ ದಿನ ಕಾಲು ಚಾಚಿ ಕೂಡೂದು ಬೇಕ ಬೇಕು. ಹೊಸಾ ಮಂದಿಗೂ ಇದು ಛಲೋ, ಯಾಕಂದ್ರ ಚಪ್ಪಲಿ ಎಲ್ಲಿ ಕಚ್ಚತೈತಿ, ಚೀಲದಾಗ ಯಾವ ಸಾಮಾನ ದಂಡಕ್ಕ ಹೊತಗೊಂಡು ಬಂದೀವಿ, ಅದೆಲ್ಲಾ ಮೊದಲನೇ ದಿನಕ್ಕ ಗೊತ್ತಾಗ್ತೈತಿ, ಸರಿ ಮಾಡಾಕ ಪುಣೆ ಅಂಥಾ ಪ್ಯಾಟಿ ಕೈಯಾಗ ಇರ್ತೈತಿ. ದಿಂಡಿ ನಡಸೋರು ಅವತ್ತ ಕಿರಾಣಿ ತುಂಬ್ತಾರ, ಗ್ಯಾಸ್ ಸಿಲಿಂಡರ್ ತರ್ತಾರ, ತಾಡಪತ್ರಿ ಹರದಿದ್ರ ಹೊಲಸ್ತಾರ, ನೀರಿನ ಟ್ಯಾಂಕರ್ ಮಾತಾಡ್ತಾರ.

ಈಗ ಆ ದಿನಾ ಹೆಂಗ ಇರ್ತೈತಿ ಹೇಳ್ತೀನಿ. ನಮ್ಮ ದಿಂಡಿ ಇಳಿಯೂದು ಪೇಠದಾಗಿನ ಒಂದು ಶಾಲ್ಯಾಗ. ದಿಂಡಿಗೋಳು ಎಲ್ಲೆಲ್ಲಿ ಇಳೀತಾವು ಅಂದ್ರ ಶಾಲಿ, ಗುಡಿ, ಮಂಗಲ ಕಾರ್ಯಾಲಯ, ಹಳೇ ವಾಡಾದ ಅಂಗಳ, ಅಂಗಡಿ ಕಟ್ಟಿ, ಎಲ್ಲೆಲ್ಲೂ. ನಿಂತ ದಿನ ಅಂತ ಹೇಳಿ ಯಾರೂ ತಡಾ ಮಾಡಿ ಏಳಂಗಿಲ್ಲ, ನಾಲ್ಕಕ್ಕ ಕಾಕಡಾರತಿ, ಅಷ್ಟೊತ್ತಿಗೆ ನಳದ ಮುಂದ ಪಾಳಿ. ಮತ್ತ ಅರಿವಿ ಒಗಿಯೂದು ಶುರು ಆಗ್ತೈತಿ. ಹಿಂದಿನ ದಿನ ಬೆವರು, ಮಳಿ, ಕೆಸರು, ಹಣಿಗೆ ಹಚ್ಚೂ ಕರೀ ಬುಕ್ಕಾ ಪುಡಿ ಎಲ್ಲಾ ಕೂಡಿ ಧೋತರಾ ಬಿಳೇದು ಅಂತ ಹೇಳಾಕ ಬರದಂಗ ಆಗಿರ್ತಾವು. ಒಂಬತ್ತಕ್ಕ ನೀವು ಭವಾನಿ ಪೇಠದಾಗ ಹಾದು ಹೋದ್ರ ಅಂದ್ರ ಕಿಡಕಿ, ಗ್ಯಾಲರಿ, ಶಾಲಿ ಗೇಟ್, ನಿಂತ ಟೆಂಪೋ, ಲೈಟ್ ಕಂಬದ ನಡುವ ಕಟ್ಟಿದ ಹಗ್ಗ, ಎಲ್ಲಾದರ ಮ್ಯಾಲೂ ಧೋತರಾ ಮತ್ತ ಕಚ್ಚಿ ಸೀರಿ ಹಾರ್ತಿರ್ತಾವು. ಮಳಿಗಾಲದ ಹೊತ್ತು, ಮೋಡ ಇದ್ದ ಇರ್ತಾವು, ಒಣಗ್ತಾವೋ ಇಲ್ಲೋ ಅನ್ನೂದ ಅವತ್ತಿನ ದೊಡ್ಡ ಚಿಂತಿ. ನಮ್ಮ ದಿಂಡಿದಾಗ ಒಬ್ಬ ಕಾಕಾ ಅದಾರ, ಅವರ ಕೆಲಸಾನ ಅದು, ಕುರ್ಚಿ ಹಾಕ್ಕೊಂಡು ಕೂತು ಆಕಾಶ ನೋಡೂದು, ಹನಿ ಬಿತ್ತಂದ್ರ "ಅರಿವೀ" ಅಂತ ಒದರೂದು.

ಅರಿವಿ ಮುಗದ ಮ್ಯಾಲೆ ಊರು ಒಳಗ ಬರ್ತೈತಿ. ನಾವು ಊರು ನೋಡಾಕ ಹೋಗೂಕಿಂತ ಮೊದಲ ಊರ ನಮ್ಮ ಕಡೆ ಬರ್ತೈತಿ, ಇದನ್ನ ನಾ ಬ್ಯಾರೆ ಯಾವ ಯಾತ್ರ್ಯಾಗೂ ನೋಡಿಲ್ಲ. ಕ್ಷೌರದವರು ಖುರ್ಚಿ ಹಾಕ್ತಾರ, ರೋಡಿನ ಬಾಜೂಕ, ಸಾಲಾಗಿ, ದಾಡಿ ಕಟಿಂಗ್ ಎಲ್ಲಾ ಪುಕ್ಕಟೆ. ವಾರಕರಿ ಸಂತರಾಗ ಸೇನಾ ನ್ಹಾವಿ ಅಂತ ಒಬ್ಬರು ಇದ್ದರು, ಕ್ಷೌರಿಕರ ಸಂತ, ಅವರ ಹೆಸರಿನ್ಯಾಗ ಮಾಡ್ತೀವಿ ಅಂತ ಹೇಳ್ತಾರ. ಚಪ್ಪಲಿ ಹೊಲಿಯೋರು ಕೂಡ್ತಾರ, ಉಂಗುಷ್ಟ ಕಿತ್ತಿದ್ದು, ಅಟ್ಟೆ ಬಿಟ್ಟಿದ್ದು, ಎಷ್ಟ ಜೋಡಿ ಕೊಟ್ರೂ ಹೊಲದು ಕೊಡ್ತಾರ, ರೊಕ್ಕ ಮುಟ್ಟಂಗಿಲ್ಲ. ಛತ್ರಿ ರಿಪೇರಿ ಮಾಡೋರು ಬರ್ತಾರ. ಡಾಕ್ಟರ್ ಮಂದಿ ಟೇಬಲ್ ಹಾಕಿ ಬಿಪಿ ಶುಗರ್ ನೋಡ್ತಾರ, ಗುಳಿಗಿ ಕೊಡ್ತಾರ. ಮತ್ತ ಕಾಲು. ಎಲ್ಲಾದಕ್ಕಿಂತ ಜಾಸ್ತಿ ಕಾಲು. ಬೊಬ್ಬಿ ಎದ್ದ ಕಾಲು, ಹಿಮ್ಮಡ ಒಡದ ಕಾಲು, ಹಸಿ ಚಪ್ಪಲಿಯೊಳಗ ಬೆರಳ ಸಂದಿ ಕೊಳತ ಕಾಲು, ಮೀನಖಂಡ ಹಿಡಕೊಂಡ ಕಾಲು. ಕಾಲೇಜ್ ಹುಡುಗರು ಹುಡುಗ್ಯಾರು ಬಿಸಿನೀರಿನ ಬಕೆಟ್, ಉಪ್ಪು, ಎಣ್ಣಿ, ಹತ್ತಿ ತಗೊಂಡು ನೆಲದ ಮ್ಯಾಲೆ ಕೂತು ಒಂದೊಂದ ಕಾಲು ತೊಡಿ ಮ್ಯಾಲೆ ಇಟಗೊಂಡು ಒತ್ತತಾರ.

ನಮ್ಮ ದಿಂಡಿದಾಗ ಒಬ್ಬಾಕಿ ಆಯಿ ಇದ್ಲು. ಜೀವಮಾನ ಪೂರಾ ಬ್ಯಾರೆಯವರ ಹೊಲದಾಗ ಕಳೇ ತಗದಾಕಿ. ಆಕಿ ಮುಂದ ಒಂದು ಹುಡುಗಿ ಬಂದು ಕೂತು "ಮಾವುಲಿ, ಪಾಯ ದ್ಯಾ" ಅಂದ್ಲು, ಕಾಲು ಕೊಡ್ರಿ ಅಂತ. ವಾರ್ಯಾಗ ಎಲ್ಲಾರೂ ಎಲ್ಲಾರಿಗೂ ಮಾವುಲಿ ಅಂತನ ಕರೀತಾರ, ಪೊಲೀಸರಿಗೂ ಮಾವುಲಿ, ಟ್ಯಾಂಕರ್ ಡ್ರೈವರಿಗೂ ಮಾವುಲಿ. ಆಯಿ ಕಾಲು ಸೀರಿಯೊಳಗ ಎಳಕೊಂಡ್ಲು. "ಬ್ಯಾಡ ಬೇ ತಂಗಿ, ಹೊಲಸ ಅದಾವ" ಅಂದ್ಲು. ಹುಡುಗಿಗೆ ಕನ್ನಡ ತಿಳೀಲಿಲ್ಲ, ಸುಮ್ಮನ ಕೈ ಚಾಚಿಕೊಂಡು ಕೂತ್ಲು, ಎದ್ದು ಹೋಗಲಿಲ್ಲ. ಭಾಳ ಹೊತ್ತಿನ ಮ್ಯಾಲೆ ಆಯಿ ಒಂದ ಕಾಲು ಮುಂದ ಮಾಡಿದ್ಲು, ಮುಖ ಆ ಕಡೆ ತಿರುವಿ. ಆಮ್ಯಾಲೆ ನನಗ ಹೇಳಿದ್ಲು, ಲಗ್ನ ಆದಾಗಿಂದ ನಾ ಅತ್ತಿ ಕಾಲು ಒತ್ತೀನಿ, ಮಾವನ ಕಾಲು ಒತ್ತೀನಿ, ಗಂಡ ಬ್ಯಾನಿ ಬಿದ್ದಾಗ ಅವನ ಕಾಲು ಒತ್ತೀನಿ, ನನ್ನ ಕಾಲು ಯಾರೂ ಮುಟ್ಟಿದ್ದಿಲ್ಲವಾ. ಇದನ್ನ ಆಕಿ ದುಃಖದಿಂದ ಹೇಳಲಿಲ್ಲ, ಒಂದು ಸುದ್ದಿ ಹೇಳಿದಂಗ ಹೇಳಿದ್ಲು. ನಾನು ಇದನ್ನ ಎಲ್ಲಿ ಮಾತಾಡಾಕ ಕರದ್ರೂ ಹೇಳ್ತೀನಿ, ಯಾಕಂದ್ರ ವಾರಿ ಅಂದ್ರ ತ್ಯಾಗ ತ್ಯಾಗ ಅಂತ ಹೇಳೋರಿಗೆ ಈ ಹೆಣ್ಮಗಳ ಲೆಕ್ಕ ಗೊತ್ತಿಲ್ಲ. ಆಕಿಗೆ ತ್ಯಾಗ ಮಾಡೂದು ಮನ್ಯಾಗ ದಿನಾ ಇದ್ದದ್ದ. ಯಾರರೆ ಕೊಟ್ಟಿದ್ದನ್ನ ತಗೋಳೂದು ಆಕಿಗೆ ಹೊಸಾದು.

ಅಡಗಿ ವಿಷಯಾನೂ ಹಂಗ. ದಿನಾ ದಿಂಡಿ ಅಡಗಿಯವರು ನಮಗಿಂತ ಮೊದಲ ಎದ್ದು, ಲಾರಿ ಹತ್ತಿ ಮುಂದಿನ ಊರಿಗೆ ಹೋಗಿ, ಒಲಿ ಹೂಡಿ, ನಾವು ಬರೂದ್ರಾಗ ನೂರಾರು ಮಂದಿಗೆ ಭಾಕ್ರಿ ಬಡದಿಡ್ತಾರ. ಪುಣೆದಾಗ ಅವತ್ತ ಊಟ ಊರಿನವರದು. ಓಣ್ಯಾಗ ಒಂದೊಂದ ಮಂಡಳಿಯವರು ಪಿಠ್ಲಾ ಭಾಕ್ರಿ ಠೇಚಾ ಮಾಡಿ ಕರದು ಕರದು ಬಡಸ್ತಾರ, ಶಿರಾ, ಅವಲಕ್ಕಿ, ಚಹಾ, ಬಾಳಿಹಣ್ಣು ಅಂತೂ ಲೆಕ್ಕ ಇಲ್ಲ. ನಮ್ಮ ಅಡಗಿ ಹೆಣ್ಮಕ್ಕಳು ಅವತ್ತ ಪಂಕ್ತಿದಾಗ ಕೂತು ಉಣ್ಣತಾರ, ಬಡಸೋರು ಗಣಮಕ್ಕಳು. "ಇನ್ನೊಂದ ಭಾಕ್ರಿ ಹಾಕ್ರಿ" ಅಂತ ಅವರು ಕೇಳೂದು ನೋಡಿದ್ರ ನನಗ ಹೊಟ್ಟಿ ತುಂಬತೈತಿ.

ನಮ್ಮ ದಿಂಡಿಗೆ ರಾತ್ರಿ ಊಟಕ್ಕ ಕರಿಯೂ ಒಂದು ಮನಿತನ ಐತಿ, ಅಜ್ಜನ ಕಾಲದಿಂದ ನಡದದ್ದು. ಮೊದಲ ನಾನಾ ಪೇಠದಾಗ ಅವರದು ವಾಡಾ ಇತ್ತಂತ, ನಡುವ ಅಂಗಳ, ತುಳಸಿ ಕಟ್ಟಿ, ಹಿಂದ ಬಾವಿ, ದಿಂಡಿ ಪೂರಾ ಅಲ್ಲೇ ಮಲಗತಿತ್ತು. ಈಗ ಆ ಜಾಗಾದಾಗ ಅಪಾರ್ಟ್‌ಮೆಂಟ್ ಐತಿ, ಕೆಳಗ ಅಂಗಡಿ, ಮನಿಯವರು ಊರ ಹೊರಗ ಫ್ಲ್ಯಾಟ್‌ನ್ಯಾಗ ಇರ್ತಾರ. ಆದ್ರ ಪಾಲಕಿ ಬಂದ ಎರಡ ದಿನ ಅಣ್ಣತಮ್ಮಂದಿರು ಎಲ್ಲಾರೂ ಹಳೇ ಪೇಠಕ್ಕ ಬಂದು, ಬಿಲ್ಡಿಂಗಿನ ಪಾರ್ಕಿಂಗದಾಗ ಗಾಡಿ ತಗಸಿ, ಚಾಪಿ ಹಾಸಿ, ಅಲ್ಲೇ ಪಂಕ್ತಿ ಮಾಡ್ತಾರ. ಮ್ಯಾಲಿನ ಫ್ಲ್ಯಾಟ್‌ನವರು, ಅವರಿಗೂ ಈ ಮನಿತನಕ್ಕೂ ಏನೂ ಸಂಬಂಧ ಇಲ್ಲ, ಬಾತ್‌ರೂಮ್ ಬಾಗಲಾ ತಗದಿಡ್ತಾರ ಹೆಣ್ಮಕ್ಕಳಿಗೆ. ಇದನ್ನ ನಾ ದೊಡ್ಡ ಮಾತು ಅಂತ ಹೇಳ್ತೀನಿ, ಯಾಕಂದ್ರ ನಡಿಯೂ ಹೆಣ್ಮಗಳಿಗೆ ಬಾಗಲಾ ಹಾಕ್ಕೊಂಡು ಸ್ನಾನ ಮಾಡೂ ಜಾಗಾ ಸಿಗೂದು ಪಂಢರಪುರದ ತನಕಾ ಭಾಳ ಕಮ್ಮಿ. 2020 ಮತ್ತ 2021ರಾಗ ಕೊರೋನಾ ಇದ್ದು ಪಾದುಕಾ ಬಸ್ಸಿನ್ಯಾಗ ಹೋದಾಗ ಈ ಮನಿಯವರು ನಮ್ಮ ದಿಂಡಿ ಹಿರ್ಯಾರಿಗೆ ಫೋನ್ ಹಚ್ಚಿ "ಇವತ್ತ ನಿಮ್ಮ ಊಟ ನಮ್ಮ ಮನ್ಯಾಗಿತ್ತು" ಅಂತ ಹೇಳಿ ಇಟ್ಟರಂತ.

ಮಧ್ಯಾಹ್ನ ಉಂಡ ಮ್ಯಾಲೆ ಎಲ್ಲಾರ ಕೈಯಾಗೂ ಫೋನ್. ಶಾಲಿ ಗ್ವಾಡಿಗೆ ಒಂದು ಎಕ್ಸ್‌ಟೆನ್ಶನ್ ಬೋರ್ಡ್ ಹಾಕಿರ್ತಾರ, ಅದಕ್ಕ ಹತ್ತಿಪ್ಪತ್ತ ಚಾರ್ಜರ್ ಜೋತಾಡ್ತಿರ್ತಾವು. ಏನ ಮಾತಾಡ್ತಾರ ಅಂದ್ರ ಮಳಿ. "ಆತನ ಅಲ್ಲೆ? ಹದಾ ಆಗೇತನ? ಸೋಯಾ ಬಿತ್ತಿದ್ರನ? ಎತ್ತಿಗೆ ಮೇವು ಐತನ?" ವಾರಕರಿ ಅಂದ್ರ ಹೆಚ್ಚಿನಂಶ ರೈತ ಮಂದಿ, ಬಿತ್ತೂ ಹೊತ್ತಿನ್ಯಾಗ ಮನಿ ಬಿಟ್ಟು ಬಂದಿರ್ತಾರ, ಕೆಲವರು ಬಿತ್ತಿ ಬಂದಿರ್ತಾರ, ಕೆಲವರು ಮಗನ ಮ್ಯಾಲೆ ಹಾಕಿ ಬಂದಿರ್ತಾರ. ನಡಿಯೂ ದಿನ ಈ ಚಿಂತಿ ಅಭಂಗದಾಗ ಮುಚ್ಚಿ ಹೋಗ್ತೈತಿ. ನಿಂತ ದಿನ ತಿರುಗಿ ಮ್ಯಾಲೆ ಬರ್ತೈತಿ. ಮಳಿ ಆಗೇತಿ ಅಂತ ಸುದ್ದಿ ಬಂದವನು ಎದ್ದು ಎಲ್ಲಾರಿಗೂ ಚಹಾ ಹೇಳ್ತಾನ, ಆಗಿಲ್ಲ ಅಂತ ಕೇಳಿದವನು ಚಾದರ ಹೊಚ್ಚಿಕೊಂಡು ಮಲಗತಾನ. ಅಂಥವರು ಒಬ್ಬಿಬ್ಬರು ಪುಣೆಯಿಂದನ ಊರಿಗೆ ತಿರುಗಿ ಹೋಗೂದೂ ಐತಿ, ಯಾರೂ ಅವರಿಗೆ ಏನೂ ಅನ್ನಂಗಿಲ್ಲ.

ಮೂರು ಗಂಟೆ ಆತು ಅಂದ್ರ ಕಾಲು ಸುಮ್ಮನ ಕೂಡಂಗಿಲ್ಲ. ಜನಾ ಗುಂಪು ಗುಂಪಾಗಿ ಊರು ನೋಡಾಕ ಹೊಂಡ್ತಾರ. ಕಸಬಾ ಗಣಪತಿ, ದಗಡೂಶೇಠ ಗಣಪತಿ, ತುಳಶೀಬಾಗದಾಗ ಬಳಿ ಮತ್ತ ಪಾತ್ರಿ, ಶನಿವಾರವಾಡಾ. ಶನಿವಾರವಾಡಾ ಒಂದನೇ ಬಾಜೀರಾಯ 1730ರಾಗ ಶುರು ಮಾಡಿದ್ದು, 1828ರ ಬೆಂಕಿದಾಗ ಒಳಗಿನದೆಲ್ಲಾ ಸುಟ್ಟು ಹೋತು, ಈಗ ಉಳದದ್ದು ಕೋಟಿ ಗ್ವಾಡಿ, ದಿಲ್ಲಿ ದರವಾಜಾ, ಬುನಾದಿ ಮತ್ತ ಹುಲ್ಲು. ಹಳ್ಳಿ ಮಂದಿ ಆ ದೊಡ್ಡ ಬಾಗಲದ ಮೊಳಿ ಮುಟ್ಟಿ ನೋಡ್ತಾರ, ಒಳಗ ಹುಲ್ಲಿನ ಮ್ಯಾಲೆ ಕೂಡ್ತಾರ, ಎದ್ದು ಬರ್ತಾರ. ಅದರ ಬಗ್ಗೆ ನಾ ಜಾಸ್ತಿ ಹೇಳಂಗಿಲ್ಲ, ನನಗ ಎರಡು ಜಾಗಾ ಹೇಳಬೇಕಾಗೇತಿ.

ಒಂದು ಪಾತಾಳೇಶ್ವರ. ಜಂಗಲಿ ಮಹಾರಾಜ ರೋಡಿನ ಮ್ಯಾಲೆ ಐತಿ, ಟ್ರಾಫಿಕ್ ನಡುವ, ನೆಲಕ್ಕಿಂತ ಕೆಳಗ. ಒಂದ ಕರೀ ಕಲ್ಲು ಕೊರದು ಮಾಡಿದ ಶಿವನ ಗುಡಿ, ಮುಂದ ದುಂಡನ ನಂದಿ ಮಂಟಪ, ಎಂಟನೇ ಶತಮಾನದ್ದು, ರಾಷ್ಟ್ರಕೂಟರ ಕಾಲದ್ದು. ಮುಂದ ನಮ್ಮ ಮಳಖೇಡದಿಂದ ಆಳಿದ ಅದ ಮನಿತನ. ಒಂದನೇ ಕೃಷ್ಣನ ಕಾಲದ 758 ಮತ್ತ 768ರ ತಾಮ್ರಪಟದಾಗನ ಪುಣೆ ಪ್ರದೇಶದ ಹೆಸರು ಬರ್ತೈತಿ, ಅಂದ್ರ ಈ ಊರಿನ ಬಗ್ಗೆ ಸಿಕ್ಕ ಹಳೇ ಬರಹದಾಗ ಅವು ಅದಾವು. ಎಲ್ಲೋರಾದ ಕೈಲಾಸ ಗುಡಿ ಕೊರಸಿದ ರಾಜಾನೂ ಅವನ ಅಂತಾರ. ಕೆಲವು ಕಂಬ ಅರ್ಧಕ್ಕ ಬಿಟ್ಟಿದ್ದು ಹಂಗ ಕಾಣ್ತಾವು. ಹೊರಗ ಎಷ್ಟ ಗದ್ದಲ ಇದ್ರೂ ಒಳಗ ಕಲ್ಲು ತಂಪು ಇರ್ತೈತಿ, ನಮ್ಮ ದಿಂಡಿ ಅಜ್ಜಂದಿರು ಅಲ್ಲಿ ಬೆನ್ನ ಹಚ್ಚಿ ಕೂತು ಹರಿಪಾಠ ಹೇಳಿದ್ರು. ಶಿವನ ಗುಡ್ಯಾಗ ವಿಠ್ಠಲನ ಹೆಸರು, ಯಾರಿಗೂ ಅಡ್ಡಿ ಅನಸಲಿಲ್ಲ.

ಇನ್ನೊಂದು ಮಹಾತ್ಮಾ ಫುಲೆ ಅವರ ವಾಡಾ, ಗಂಜ ಪೇಠದಾಗ, ಪಾಲಕಿ ಇಳಿಯೂ ಗುಡಿಗೆ ಹತ್ತರನ. ಜೋತಿಬಾ ಮತ್ತ ಸಾವಿತ್ರಿಬಾಯಿ ಇದ್ದ ಮನಿ, ಅಂಗಳದಾಗ ಜೋತಿಬಾರ ಸಮಾಧಿ, ತುಳಸಿ ವೃಂದಾವನ. 1848ರಾಗ ಹೆಣ್ಣು ಮಕ್ಕಳಿಗೆ ಶಾಲಿ ತಗದವರು ಅವರು. 1868ರಾಗ ತಮ್ಮ ಮನಿ ನೀರಿನ ಹೌದಾ ಅಸ್ಪೃಶ್ಯರು ಅಂತ ದೂರ ಇಟ್ಟ ಮಂದಿಗೆ ತೆರೆದಿಟ್ಟರು. ಆ ಹೌದಾ ಬಗ್ಗೆ ಕೇಳಿದ ಮ್ಯಾಲೆ ಆ ದಿನದ ಪುಣೆ ನನಗ ಬ್ಯಾರೆ ಕಂಡತು. ಓಣಿ ಓಣ್ಯಾಗ ನೀರಿನ ಡ್ರಮ್ ಇಟ್ಟು "ಮಾವುಲಿ ನೀರು ಕುಡೀರಿ" ಅಂತ ಕೈ ಹಿಡದು ಕರಿಯೂ ಇದ ಊರಾಗ 150 ವರ್ಷದ ಹಿಂದ ನೀರು ಕೊಟ್ಟಿದ್ದ ಒಂದು ದೊಡ್ಡ ಬಂಡಾಯ ಆಗಿತ್ತು. ನಾವು ಯಾರ ಕೈಯಾಗಿನ ನೀರು ಕುಡಿಯಾಕತ್ತೀವಿ ಅಂತ ಯಾರೂ ಕೇಳಲಾರದ ಕುಡಿಯಾಕತ್ತೀವಲಾ, ಅದು ತಾನ ಆಗಿದ್ದಲ್ಲ, ಅದಕ್ಕ ಮಂದಿ ಬೈಸಿಕೊಂಡಾರ, ಸಗಣಿ ಕೆಸರು ಮೈಮ್ಯಾಲೆ ಹಾಕಿಸಿಕೊಂಡಾರ.

ವಾರಿ ಒಳಗೂ ಇದು ಪೂರಾ ಸರಿ ಆಗಿತ್ತು ಅಂತಲ್ಲ. ಗೋರಾ ಕುಂಬಾರ, ಸಾವತಾ ಮಾಳಿ, ನರಹರಿ ಸೋನಾರ, ಮನಿಗೆಲಸದ ಜನಾಬಾಯಿ, ಅಸ್ಪೃಶ್ಯರು ಅಂತ ದೂರ ಇಟ್ಟ ಜಾತಿಯ ಚೋಖಾಮೇಳಾ, ಎಲ್ಲಾ ಜಾತಿಯಿಂದ ಸಂತರು ಬಂದರು, ಅವರ ಅಭಂಗ ಎಲ್ಲಾರ ಬಾಯಾಗ ಅದಾವು. ಆದ್ರ ಚೋಖೋಬಾರ ಸಮಾಧಿ ಪಂಢರಪುರದ ಗುಡಿ ಬಾಗಲದ ಹೊರಗ ಐತಿ, ಮತ್ತ ಅವರ ಮಂದಿಗೆ ಆ ಬಾಗಲಾ ತೆರೀಬೇಕಾದ್ರ 1947ರಾಗ ಸ್ವಾತಂತ್ರ್ಯ ಹೋರಾಟಗಾರ, ಲೇಖಕ ಸಾನೇ ಗುರೂಜಿ ಉಪಾಸ ಕೂಡಬೇಕಾತು. ಪುಣೆದಾಗ ಚಪ್ಪಲಿ ಹೊಲದು ಕೊಡೂ ಹಿರ್ಯಾನ ಮುಂದ ನಿಂತಾಗ, ಸೇವಾ ಅಂತ ನಾವು ತಗೋಳೂದು ಯಾರ ಬೆನ್ನ ಮ್ಯಾಲಿನಿಂದ ಬರ್ತೈತಿ ಅಂತ ಒಂದ ಸಲ ವಿಚಾರ ಮಾಡಬೇಕು, ಅವನ ಕಾಲಿಗೂ ನಮಸ್ಕಾರ ಬೀಳಬೇಕು. ವಾರ್ಯಾಗ ಅದು ಆಗ್ತೈತಿ. ಅಲ್ಲಿ ಒಬ್ಬರು ಬಗ್ಗಿದ್ರ ಎದುರಿನವರೂ ಬಗ್ಗತಾರ, ವಯಸ್ಸು ನೋಡಂಗಿಲ್ಲ, ಜಾತಿ ನೋಡಂಗಿಲ್ಲ. ಆ ರೀತಿ ನಮ್ಮ ಊರಿಗೆ ತಿರುಗಿ ಬಂದ ಮ್ಯಾಲೂ ನಡೀಬೇಕು ಅನ್ನೂದು ನನ್ನ ಹಟ.

ಸಂಜಿಕ್ಕ ಗುಡಿ ಮುಂದ ಕಾಲಿಡಾಕ ಜಾಗಾ ಇರಂಗಿಲ್ಲ. ಪೇಠದ ಮಂದಿ, ಐಟಿ ಆಫೀಸಿನಿಂದ ಬ್ಯಾಗ್ ಹಾಕ್ಕೊಂಡು ಸೀದಾ ಬಂದ ಹುಡುಗರು, ಎಲ್ಲಾರೂ ಪಾದುಕಾ ದರ್ಶನದ ಪಾಳ್ಯಾಗ. ದಿಂಡಿ ದಿಂಡ್ಯಾಗ ಕೀರ್ತನ. ವಾರಿ ಮುಕ್ಕಾಮಿನ್ಯಾಗ ಸಮಾಜ ಆರತಿ ಅಂತ ಒಂದು ಐತಿ, ಅದರ ಪದ್ಧತಿ ನನಗ ಭಾಳ ಸೇರ್ತೈತಿ. ಚೋಪದಾರ ಕೋಲು ಎತ್ತಿ ಕೂಗಿದ ಕೂಡ್ಲೆ ಎಲ್ಲಾ ಸದ್ದು ನಿಲ್ಲತೈತಿ. ಯಾವ ದಿಂಡಿಗೆ ಏನರೆ ತಕರಾರು ಇದ್ರ, ಅವರಷ್ಟ ಟಾಳ ಬಾರಸೂದು ನಿಲ್ಲಸಂಗಿಲ್ಲ. ಚೋಪದಾರ ಅವರ ಹತ್ತರ ಹೋಗಿ ಕೇಳಬೇಕು. ನೀರು ಬಂದಿಲ್ಲ, ಜಾಗಾ ಸಿಕ್ಕಿಲ್ಲ, ದಾರ್ಯಾಗ ನಮ್ಮ ಪಾಳಿ ಮುರದ್ರು, ಏನ ಇದ್ರೂ. ಲಕ್ಷಾಂತರ ಮಂದಿ ನಡುವ ಒಂದು ಸಣ್ಣ ದಿಂಡಿದೂ ಮಾತು ಕೇಳಿದ ಮ್ಯಾಲೆನ ಆರತಿ. ಕಳದ ಸಾಮಾನಿನ ಸುದ್ದಿನೂ ಅಲ್ಲೇ ಹೇಳ್ತಾರ, ಸಿಕ್ಕ ಚಷ್ಮಾ, ಸಿಕ್ಕ ಪಾಕೀಟು.

ಈಗ ಸ್ವಲ್ಪ ಕಹಿ ಮಾತು. ಕೊಡೂದು ಜಾಸ್ತಿ ಆಗೇತಿ ಅಂತ ನನ್ನ ಅಭಿಪ್ರಾಯ. ಒಂದ ರೋಡಿನ್ಯಾಗ ಹತ್ತು ಕಡೆ ಅದ ಬಿಸ್ಕಿಟ್ ಪುಡಿಕಿ ಕೊಡ್ತಾರ, ಒಬ್ಬ ಅಜ್ಜ ಎಷ್ಟ ಬಿಸ್ಕಿಟ್ ಹೊರಬೇಕು? ಲೀಡರ್ ಫೋಟೋ ಅಚ್ಚು ಹಾಕಿದ ರೇನ್‌ಕೋಟ್ ಹಂಚತಾರ, ತಗೊಂಡವರನ್ನ ನಿಂದರಿಸಿ ಮೊಬೈಲ್‌ನ್ಯಾಗ ಹೊಡಕೋತಾರ. ತಗೋಳೋರ ಮುಖ ಹಿಂಗ ಬಳಸೂದು ಸೇವಾ ಅಲ್ರಿ. ಪ್ಲಾಸ್ಟಿಕ್ ಗ್ಲಾಸು, ಥರ್ಮಾಕೋಲ್ ತಾಟು, ಉಳದ ಅನ್ನ, ಎಲ್ಲಾ ರೋಡಿನ ಮ್ಯಾಲೆ. ಪಾಲಕಿ ಹೋದ ಮ್ಯಾಲೆ ಅದನ್ನ ಬಳಿಯೋರು ಕಾರ್ಪೊರೇಶನ್ ಸಫಾಯಿ ಮಂದಿ, ಹೆಚ್ಚಿನವರು ಹೆಣ್ಮಕ್ಕಳು, ಪಾಲಕಿ ದರ್ಶನಕ್ಕ ಅವರಿಗೆ ಪುರಸೊತ್ತ ಸಿಕ್ಕಿರಂಗಿಲ್ಲ. ನಮ್ಮ ದಿಂಡಿಯವರು ಈಗ ತಮ್ಮ ತಾಟು ಲೋಟಾ ತಾವ ಇಟಗೋತಾರ, ಶಾಲಿ ಬಿಡೂಕಿಂತ ಮೊದಲ ಉಡಗಿ, ಸಂಡಾಸ ತೊಳದು ಬೀಗ ಕೊಡ್ತಾರ. ಎಲ್ಲಾ ದಿಂಡಿಯವರೂ ಹಿಂಗ ಮಾಡಿದ್ರ ಆ ಹೆಣ್ಮಕ್ಕಳಿಗೂ ಆ ದಿನಾ ಸ್ವಲ್ಪ ಹಗುರ ಆದೀತು.

ಮರುದಿನ ಬೆಳಕು ಹರಿಯೂಕಿಂತ ಮೊದಲ ಹೊಂಡೂದು. ಹಡಪಸರದ ತನಕಾ ಎರಡೂ ಪಾಲಕಿ ಒಂದ ದಾರಿ, ಅಲ್ಲಿಂದ ತುಕೋಬಾ ಸೋಲಾಪುರ ರೋಡ್ ಹಿಡದು ಲೋಣಿ ಕಾಳಭೋರಕ್ಕ, ಮಾವುಲಿ ಬಲಕ್ಕ ತಿರುಗಿ ಸಾಸವಡಕ್ಕ. ಪುಣೆ ಮಂದಿ ಭಾಳ ಮಂದಿ ಘಾಟಿನ ತನಕಾ ಕೂಡಿ ನಡೀತಾರ, ಘಾಟದಾಗ ರಥಕ್ಕ ಜಾಸ್ತಿ ಎತ್ತು ಹೂಡ್ತಾರ. ನಮ್ಮ ಆಯಿ ಆ ಘಾಟ್ ನನಗಿಂತ ಮೊದಲ ಹತ್ತಿದ್ಲು.

ಮಾತು ಮುಗದ ಮ್ಯಾಲೆ ಸಭಾದಾಗ ಒಬ್ಬ ತಂಗಿ ಕೇಳಿದ್ಲು, "ಅಕ್ಕಾರ, ನನಗ ಅಷ್ಟ ದಿನಾ ರಜಾ ಸಿಗಂಗಿಲ್ಲ, ನಡಿಯಾಕೂ ಆಗಂಗಿಲ್ಲ, ಬರೇ ಪುಣೆ ದಿನಕ್ಕ ಹೋಗಿ ಬಂದ್ರ ನಡೀತೈತೇನು?" ನಡೀತೈತಿ ತಂಗಿ, ಹೋಗು. ಬೆಳಗಾವಿ ಹುಬ್ಬಳ್ಳಿಯಿಂದ ರಾತ್ರಿ ಟ್ರೇನ್ ಹತ್ತಿದ್ರ ಮುಂಜಾನೆ ಪುಣೆ. ನಮ್ಮ ಕಡಿ ದಿಂಡಿ ಎಲ್ಲಿ ಇಳದೈತಿ ಅಂತ ಮೊದಲ ಕೇಳ್ಕೊಂಡು ಹೋಗು, ಕನ್ನಡ ಮಾತಾಡೋರು ಬಂದ್ರಂದ್ರ ಆಯಿಗಳಿಗೆ ಭಾಳ ಖುಷಿ ಆಗ್ತೈತಿ, ಡಾಕ್ಟರ್ ಮುಂದ ನೋವು ಹೇಳಾಕ ಅವರಿಗೆ ಮರಾಠಿ ಬರಂಗಿಲ್ಲ, ನೀ ನಡುವ ನಿಂತು ಹೇಳು. ಬಿಸ್ಕಿಟ್ ಒಯ್ಯಬ್ಯಾಡ. ಅರಿವಿ ಒಣಗಿಸೂ ಹಗ್ಗ, ಚಿಮಟಿ, ಪಿನ್ನಾ, ಕೊಬ್ಬರಿ ಎಣ್ಣಿ, ಹತ್ತಿ, ಬೊಬ್ಬಿಗೆ ಹಚ್ಚೂ ಪಟ್ಟಿ, ಹೆಣ್ಮಕ್ಕಳ ಪ್ಯಾಡ್, ಒಂದು ಉದ್ದನ ಎಕ್ಸ್‌ಟೆನ್ಶನ್ ಬೋರ್ಡ್ ಒಯ್ಯಿ. ದಿಂಡಿ ಹಿರ್ಯಾರನ್ನ ಕೇಳಿ ಅವರು ಹೇಳಿದ್ದನ್ನ ತಗೊಂಡು ಹೋದ್ರ ಇನ್ನೂ ಛಲೋ. ಮತ್ತ ಊಟಕ್ಕ ಕೂಡ್ರು ಅಂತ ಅವರು ಅಂದಾಗ ಒಲ್ಲೆ ಅನಬ್ಯಾಡ, ಪಂಕ್ತಿದಾಗ ಕೂತು ಉಂಡ ಬಾ.